ಅಪ್ಪನ ಮೈ ತೊಳೆದವರು

ಕುಲಗೋಡ
ತಾ. ೩ ಜೂನ್ ೧೯೩೮

ಅಣ್ಣ ವೀರಪ್ಪನಿಗೆ ಶರಣಾರ್ಥಿ.

ಪತ್ರದ ಮೊದಲ ಸಾಲಿನಲ್ಲಿ ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಬರೆಯಬೇಕೆಂದು ಗೋಕಾಕದ ಶಾಲೆಯಲ್ಲಿ ಮಾಸ್ತರರು ಕಲಿಸಿದ್ದರು. ನಾನು ಶಾಲೆ ಬಿಟ್ಟವನು. ಅದೂ ಅಲ್ಲದೆ ಇಲ್ಲಿ ಕ್ಷೇಮ ಇಲ್ಲ. ಹಾಗಾಗಿ ಆ ಸಾಲು ಬರೆಯುವುದಿಲ್ಲ.

ಅಪ್ಪನಿಗೆ ಲಕವಾ ಹೊಡೆದು ನಾಳೆಗೆ ಎರಡು ತಿಂಗಳು. ನೀನು ಬಂದು ಮೂರು ದಿನ ಇದ್ದು ಹೋದಾಗಿನದಕ್ಕಿಂತ ಮಾತು ಈಗ ಚೆನ್ನಾಗಿ ತಿಳಿಯುತ್ತದೆ. ಬಲಗೈ ಬಲಗಾಲು ಮಾತ್ರ ಏಳದೆ ಹಾಗೇ ಇವೆ. ಆದರೆ ನೀನು ಹೋದ ಮೇಲೆ ಹೊಸದೊಂದು ಶುರುವಾಗಿದೆ. ಮೂತ್ರದ ಹಿಡಿತ ತಪ್ಪಿದೆ. ಬರುವುದು ಅವನಿಗೆ ಗೊತ್ತಾಗುವುದಿಲ್ಲ, ತೊಯ್ದ ಮೇಲೆ ಗೊತ್ತಾಗುತ್ತದೆ. ಆಗ ಮುಖ ಗೋಡೆಯ ಕಡೆ ಮಾಡಿ, “ಮುರಿಗ್ಯಾ” ಅನ್ನುತ್ತಾನೆ. ನಾನು ಅರಿವೆ ತೆಗೆದುಕೊಂಡು ಹೋಗುತ್ತೇನೆ.

ತೊಯ್ದ ಮೈಯಲ್ಲಿ ಲಿಂಗಪೂಜೆ ಮಾಡುವುದಿಲ್ಲ ಎಂದು ಹಟ. “ಹೊಲಸ ಮೈಲೆ ಲಿಂಗ ಹಿಡೀಬೇಕೇನಲೇ? ತಿಕ್ಕು. ಇನ್ನಷ್ಟು ತಿಕ್ಕು” ಅನ್ನುತ್ತಾನೆ. ಬಟ್ಟೆ ಒಗೆಯುವ ಸೋಡಾವನ್ನು ಬಿಸಿನೀರಿಗೆ ಹಾಕಿ, ನಾರಿನ ಚೂರಿನಿಂದ ದಿನಕ್ಕೆ ಮೂರು ಸಲ ಸೊಂಟದಿಂದ ಕೆಳಗೆ ತಿಕ್ಕಿ ತೊಳೆಯುತ್ತೇನೆ. ಆಮೇಲೆ ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಳ್ಳುತ್ತಾನೆ. ವಿಭೂತಿ, ಪತ್ರಿ ಏರಿಸಬೇಕಾದ ಬಲಗೈ ಏಳುವುದಿಲ್ಲವಲ್ಲ, ಅದನ್ನು ನಾನು ಮಾಡುತ್ತೇನೆ. ಅವನ ಎಡಗೈ, ನನ್ನ ಬಲಗೈ, ಒಂದೇ ಪೂಜೆ. ನಿನ್ನೆ ಪೂಜೆ ಮುಗಿದ ಮೇಲೆ ಅಪ್ಪ ಅಂದ: “ಮುರಿಗ್ಯಾನ ಕೈಯಾಗ ನಾ ಮಡಿ ಆಗತೇನಿ.” ಹತ್ತೊಂಬತ್ತು ವರ್ಷದಲ್ಲಿ ಅಪ್ಪ ನನ್ನ ಬಗ್ಗೆ ಆಡಿದ ಒಳ್ಳೆಯ ಮಾತು ಇದೊಂದೇ. ನಿನಗೆ ಗೊತ್ತಿರಲಿ ಎಂದು ಬರೆದೆ.

ಈಗ ಪತ್ರದ ಕಾರಣ. ತೊಡೆಯ ಸಂದಿಯಲ್ಲಿ, ಕುಂಡಿಯ ಎಲುಬಿನ ಹತ್ತಿರ ಚರ್ಮ ಕೆಂಪಾಗಿದೆ. ಮುಟ್ಟಿದರೆ ಬಿಸಿ ಹತ್ತುತ್ತದೆ. ನೀನು ದವಾಖಾನೆಯಲ್ಲಿರುವವನು. ಏನು ಹಚ್ಚಬೇಕು, ತಿಳಿಸು.

ನಿನ್ನ ತಮ್ಮ
ಮುರಿಗೆಪ್ಪ


ಹುಕ್ಕೇರಿ
ತಾ. ೧೪ ಜೂನ್ ೧೯೩೮

ಚಿ. ಮುರಿಗೆಪ್ಪನಿಗೆ ಆಶೀರ್ವಾದ.

ಪತ್ರ ತಲುಪಿತು. ಈ ಕಡೆಗೆ ಬಾಡಿಗೆ ಬಂದಿದ್ದ ನಮ್ಮೂರ ದುರ್ಗಪ್ಪನ ಚಕ್ಕಡಿಯಲ್ಲಿ ಒಂದು ಶೀಶೆ ಸ್ಪಿರಿಟ್, ಒಂದು ಡಬ್ಬಿ ಪೌಡರು ಕಳಿಸಿದ್ದೇನೆ. ದಿನಕ್ಕೆರಡು ಸಲ ಸ್ಪಿರಿಟ್ ಅರಳೆಯಲ್ಲಿ ಅದ್ದಿ ಬೆನ್ನಿಗೆ, ಸೊಂಟಕ್ಕೆ ತಿಕ್ಕು. ಚರ್ಮ ಗಟ್ಟಿಯಾಗುತ್ತದೆ. ಮೇಲೆ ಪೌಡರು ಉದುರಿಸು. ನಮ್ಮ ಪುಸ್ತಕದಲ್ಲಿ ಹಾಗೆಯೇ ಇದೆ.

ಇಲ್ಲಿ ಡಾಕ್ಟರರು ರಜೆಯ ಮೇಲಿದ್ದಾರೆ. ಕಾಲರಾ ಚುಚ್ಚುಮದ್ದಿನ ಕೆಲಸ ಹಗಲೆಲ್ಲ ಇದೆ. ಬರಲಾಗುವುದಿಲ್ಲ.

ಒಂದು ಮಾತು ಕೇಳಬೇಕು, ಬೇಸರ ಮಾಡಿಕೊಳ್ಳಬೇಡ. ನೀನು ಶಾಲೆಯಲ್ಲಿ ನಿಲ್ಲಲಿಲ್ಲ, ಗಿರಣಿಯಲ್ಲಿ ನಿಲ್ಲಲಿಲ್ಲ, ಮೂಡಲಗಿಯ ಅಂಗಡಿಯಲ್ಲಿ ಒಂದು ಮಳೆಗಾಲ ಕಳೆಯಲಿಲ್ಲ. ಈ ಕೆಲಸದಲ್ಲಿ ಎಷ್ಟು ದಿನ ನಿಲ್ಲುತ್ತೀ? ನಿನಗೆ ಸಾಕಾದ ದಿನ ಮುಚ್ಚದೆ ತಿಳಿಸು. ಅಪ್ಪನನ್ನು ಇಲ್ಲಿಗೆ ಕರೆದುಕೊಂಡು ಬರುತ್ತೇನೆ. ನಿನ್ನ ಅತ್ತಿಗೆ ಚನ್ನವ್ವನೂ ಒಪ್ಪಿದ್ದಾಳೆ.

ಇತಿ
ವೀರಪ್ಪ


ಕುಲಗೋಡ
ತಾ. ೧ ಜುಲೈ ೧೯೩೮

ಅಣ್ಣಾ,

ನಿನ್ನ ಸ್ಪಿರಿಟ್ ಹಚ್ಚಿದೆ. ಅಪ್ಪ ಕೂಗಿದ ಕೂಗಿಗೆ ಬಾಜೂ ಮನೆಯ ಶೆಟ್ಟೆವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಓಡಿ ಬಂದಳು. “ಏನ್ ಮಾಡ್ದಿಯೋ ಮುದುಕಗ? ಕಾಸಿದ ಕಬ್ಬಿಣ ಇಟ್ಟೀಯೇನ?” ಎಂದಳು. ಶೀಶೆ ತೋರಿಸಿದೆ. ಮೂಸಿ ನೋಡಿ, “ಇದನ್ನ ಕುಡದರ ನಿಶೆ ಏರತೈತಿ, ಹಚ್ಚಿದರ ಇಳಿಯತೈತಿ” ಎಂದು ನಗುತ್ತ ಹೋದಳು. ನಿನ್ನ ಪೌಡರು ಸಂದಿಯಲ್ಲಿ ಮೂತ್ರಕ್ಕೆ ಕಲೆತು ಹಿಟ್ಟಿನ ಮುದ್ದೆಯಾಗಿ ಕೂರುತ್ತದೆ. ಅದನ್ನು ಕೆರೆದು ತೆಗೆಯಬೇಕು. ನಿನ್ನ ಪುಸ್ತಕ ಬರೆದವನು ಯಾರನ್ನೂ ತೊಳೆದಿರಲಿಕ್ಕಿಲ್ಲ.

ಎರಡನ್ನೂ ಬಿಟ್ಟೆ. ತಿಕ್ಕಿ ತೊಳೆಯುವುದು ನಡೆದಿದೆ.

ಇಷ್ಟಾದರೂ ಅಪ್ಪ ನಿನ್ನ ಹೆಸರಿಗೆ ಒಂದು ಕಾಗದ ಬರೆಯಿಸಿದ್ದಾನೆ. ಹೇಳಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ:

“ವೀರಪ್ಪಾ, ನೀ ಕಳಿಸಿದ ಔಷಧ ಭಾಳ ಛಲೋ ಐತಿ. ಉರಿ ಅಂದ್ರ ಗುಣಾ ಆಗಾಕತ್ತೈತಿ ಅಂತ ಅರ್ಥ. ಡಾಕ್ಟರ್ ಮಗನ್ನ ಹಡದೀನಿ, ನನಗ ಯಾತರ ಚಿಂತಿ? ಊರಾಗ ಎಲ್ಲಾರಿಗೂ ಹೇಳೀನಿ. ಮುರಿಗ್ಯಾ ಸಣ್ಣಾಂವ, ಅವಂಗ ತಿಳಿಯಂಗಿಲ್ಲ, ಶೀಶೆ ಮುಚ್ಚಿ ಇಟ್ಟಾನ.”

ನೀನು ಡಾಕ್ಟರ್ ಅಲ್ಲ, ಕಂಪೌಂಡರ್ ಎಂದು ನಾನು ತಿದ್ದಿದೆ. ಅಪ್ಪನಿಗೆ ಸಿಟ್ಟು ಬಂತು. “ಬರಿ ಅಂದಿದ್ದ ಬರಿ” ಅಂದ. ಬರೆದೆ.

ಅಣ್ಣಾ, ಬರೆಯುವಾಗ ನನಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಡುವುದು ನನಗೆ ಬಾರದ ವಿದ್ಯೆ. ಆ ಹೊತ್ತಿಗೆ ಅವನ ಅರಿವೆ ಬದಲಿಸಿ ಕೈ ಇನ್ನೂ ಆರಿರಲಿಲ್ಲ. ಆ ತೊಯ್ದ ಕೈಯಲ್ಲಿ ನಿನ್ನ ಹೊಗಳಿಕೆ ಬರೆಯುತ್ತಿದ್ದೆ. ನೀನು ಅಲ್ಲಿ ಕುರ್ಚಿಯಲ್ಲಿ ಕೂತು ಶೀಶೆ ಕಳಿಸಿದರೆ ಉರಿಯೂ ಗುಣವಾಗುತ್ತದೆ. ನಾನು ಇಲ್ಲಿ ದಿನಕ್ಕೆ ಎಂಟು ಅರಿವೆ ಒಗೆದರೆ ‘ತಿಳಿಯಂಗಿಲ್ಲ’.

ಎಷ್ಟು ದಿನ ನಿಲ್ಲುತ್ತೀ ಎಂದು ನೀನು ಕೇಳಿದ್ದೆ. ನಾನೇ ಎಣಿಸುತ್ತಿಲ್ಲ, ನೀನೂ ಎಣಿಸಬೇಡ. ಅಪ್ಪನನ್ನು ಕಳಿಸುವುದಿಲ್ಲ.

ಮುರಿಗೆಪ್ಪ


ಹುಕ್ಕೇರಿ
ತಾ. ೧೨ ಜುಲೈ ೧೯೩೮

ಪ್ರಿಯ ಮುರಿಗೆಪ್ಪ,

ಸ್ಪಿರಿಟಿನ ವಿಷಯದಲ್ಲಿ ತಪ್ಪು ನನ್ನದು. ಚರ್ಮ ಕೆಂಪಾದ ಮೇಲೆ ಅದನ್ನು ಮುಟ್ಟಿಸಬಾರದಿತ್ತು. ಇದನ್ನು ನನಗೆ ಹೇಳಿದ್ದು ಪುಸ್ತಕವಲ್ಲ, ನಮ್ಮ ದವಾಖಾನೆಯ ಆಯಾ ಭರಮವ್ವ. ಓದು ಬಾರದವಳು. ಹಾಸಿಗೆ ಹಿಡಿದ ಅತ್ತೆಯನ್ನು ಹನ್ನೊಂದು ವರ್ಷ ನೋಡಿಕೊಂಡಳು, ಆ ಮುದುಕಿಯ ಮೈಮೇಲೆ ಒಂದು ಗುಳ್ಳೆಯೂ ಏಳಲಿಲ್ಲವಂತೆ. ಅವಳಿಗೆ ನಿನ್ನ ಪತ್ರ ಓದಿ ಹೇಳಿದೆ. ನೀನು ಸೋಡಾ ಹಾಕಿ ನಾರಿನಿಂದ ತಿಕ್ಕುವುದನ್ನು ಕೇಳಿ ತಲೆಯ ಮೇಲೆ ಕೈ ಇಟ್ಟುಕೊಂಡಳು. “ಮನಿಷಾನ ಚರ್ಮ ಅಂದ್ರ ಹಿತ್ತಾಳಿ ಕೊಡ ಏನ್ರಿ ಸಾಹೇಬರ, ತಿಕ್ಕಿ ಬೆಳಗಾಕ?” ಎಂದಳು.

ಅವಳ ಮಾತನ್ನು ಹಾಗೆಯೇ ಬರೆಯುತ್ತೇನೆ, ಮನಸ್ಸಿಟ್ಟು ಓದು. ಸೋಡಾ ಬೇಡ, ಸಾಬೂನು ಬೇಡ. ಉಗುರುಬೆಚ್ಚಗಿನ ಬರೀ ನೀರು, ಹಳೆಯ ಸೀರೆಯ ಮೆತ್ತನೆ ತುಂಡು. ತಿಕ್ಕಬಾರದು, ಮಗುವಿನ ಬಾಯಿ ಒರೆಸುವಂತೆ ಒತ್ತಿ ಒತ್ತಿ ನೀರು ತೆಗೆಯಬೇಕು. ಸಂದಿಗಳು ಪೂರ್ತಿ ಆರುವತನಕ ಗಾಳಿಗೆ ಬಿಟ್ಟು, ಆಮೇಲೆ ಔಡಲೆಣ್ಣೆ ಕಲೆಸಿದ ಝಿಂಕ್ ಮುಲಾಮನ್ನು ತೆಳ್ಳಗೆ ಸವರಬೇಕು. ನಾನು ಒಂದು ಡಬ್ಬಿ ಕಳಿಸುತ್ತಿದ್ದೇನೆ. ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲವಲ್ಲ, ಚರ್ಮವನ್ನು ಹಾಗೆ ಮಾಡಿಡಬೇಕಂತೆ. ಒಗೆದ ಅರಿವೆಯಲ್ಲಿ ಸೋಡಾ ಉಳಿದರೆ ಮತ್ತೆ ತೊಯ್ದಾಗ ಅದೇ ಸುಡುತ್ತದೆ. ಹಿಂಡಿದ ನೀರು ಸೋಡಾದಿಂದ ಕೈಗೆ ಜಾರುವುದು ನಿಲ್ಲುವತನಕ ಜಾಲಿಸಿ ಹಿಂಡು. ಅಂಗಾತ ಮಲಗಿಸಬೇಡ, ಊಟದ ಹೊತ್ತಿಗೊಮ್ಮೆ ಚಹದ ಹೊತ್ತಿಗೊಮ್ಮೆ ಮಗ್ಗಲು ಬದಲಿಸು. ಇನ್ನೊಂದು: ತೊಯ್ಯುತ್ತದೆ ಎಂದು ಅಪ್ಪ ನೀರು ಕುಡಿಯುವುದನ್ನು ಕಡಿಮೆ ಮಾಡಿರುತ್ತಾನೆ, ವಿಚಾರಿಸು. ನೀರು ಕಡಿಮೆಯಾದಷ್ಟೂ ಮೂತ್ರದ ಉರಿ ಹೆಚ್ಚು.

ಮಡಿಯ ಮಾತಿಗೆ ಅಪ್ಪನಿಗೆ ನೀನೇ ತಿಳಿಸಿ ಹೇಳು. ಎದೆಯ ಮೇಲೆ ಲಿಂಗ ಇದ್ದವನಿಗೆ ಮೈಲಿಗೆ ಎಲ್ಲಿಯದು ಎಂದು ನಮಗೆ ಕಲಿಸಿದವನೇ ಅವನು. ಅವ್ವ ಸತ್ತ ದಿನ ಮನೆಯಲ್ಲಿ ಸೂತಕ ಹಿಡಿಯಲಿಲ್ಲ, ಆವತ್ತೇ ಕೂತು ಪೂಜೆ ಮಾಡಿದ. ಸಾವು ಮುಟ್ಟದ ಲಿಂಗವನ್ನು ಮೂತ್ರ ಮುಟ್ಟೀತೇ ಎಂದು ಕೇಳು. ಒಪ್ಪುತ್ತಾನೆ.

ಈ ಪತ್ರವನ್ನು ಅವನಿಗೆ ಪೂರ್ತಿ ಓದಿ ಹೇಳು.

ನಿನ್ನ ಅಣ್ಣ
ವೀರಪ್ಪ


ಕುಲಗೋಡ
ತಾ. ೨೦ ಜುಲೈ ೧೯೩೮

ಅಣ್ಣಾ,
ಪತ್ರ, ಡಬ್ಬಿ ಬಂದವು. ಅಪ್ಪನಿಗೆ ಓದಿದೆ. ಮಳೆ ಹಿಡಿದಿದೆ. ಬೇರೆ ವಿಶೇಷ ಇಲ್ಲ.
ಮುರಿಗೆಪ್ಪ


ಹುಕ್ಕೇರಿ
ತಾ. ೧೬ ಆಗಸ್ಟ್ ೧೯೩೮

ಮುರಿಗೆಪ್ಪ,

ನಿನ್ನ ಕಾರ್ಡು ಬಂದು ಮೂರು ವಾರವಾಯಿತು. ಅದನ್ನು ಮೂರು ಸಲ ಓದಿದೆ. ಓದುವುದಕ್ಕೆ ಅದರಲ್ಲಿ ಏನೂ ಇಲ್ಲ. ನೀನು ಬೈದರೂ ಎರಡು ಪುಟ ಬೈಯುವವನು. ಸಿಟ್ಟೇ ಇರಲಿ, ಬರೆ. ಚರ್ಮದ ಬಣ್ಣ ಹೇಗಿದೆ? ಮುಲಾಮು ಇನ್ನೂ ಇದೆಯೇ, ಮುಗಿಯಿತೇ? ದಿನಾಲೂ ಹಚ್ಚಿದರೆ ಆ ಡಬ್ಬಿ ಹದಿನೈದು ದಿನಕ್ಕೆ ಮುಗಿಯಬೇಕು. ಇನ್ನೊಂದು ಬೇಕೆಂದು ನೀನು ಕೇಳಲಿಲ್ಲ.

ಭರಮವ್ವ ದಿನಾ ಬೆಳಿಗ್ಗೆ, “ಸಾಹೇಬರ, ಕುಲಗೋಡದ ಮುದುಕನ ಮೈ ಹ್ಯಾಂಗೈತ್ರಿ?” ಎಂದು ಕೇಳುತ್ತಾಳೆ. ಏನು ಹೇಳಲಿ?

ವೀರಪ್ಪ


ಕುಲಗೋಡ
ತಾ. ೨೮ ಆಗಸ್ಟ್ ೧೯೩೮

ಅಣ್ಣಾ,

ಅಪ್ಪನ ಬಲ ಮಗ್ಗಲಲ್ಲಿ, ಸೊಂಟದ ಎಲುಬಿನ ಮೇಲೆ, ಚರ್ಮ ಕಿತ್ತಿದೆ. ಅಂಗೈಯಷ್ಟು ಅಗಲ. ಇದು ನಾನು ಮಾಡಿದ್ದು.

ಹೇಗೆ ಎಂದು ಹೇಳುತ್ತೇನೆ. ನಿನ್ನ ಜುಲೈ ತಿಂಗಳ ಪತ್ರ ಬಂದಾಗ ಅಪ್ಪ ಪೂಜೆ ಮುಗಿಸಿ ಕೂತಿದ್ದ. “ವೀರಪ್ಪಂದು? ಓದು, ಓದು” ಎಂದ. ಶುರು ಮಾಡಿದೆ. ಸ್ಪಿರಿಟಿನದು ನಿನ್ನ ತಪ್ಪು ಎಂದು ಬರೆದಿದ್ದೆಯಲ್ಲ, ಅಷ್ಟನ್ನು ದೊಡ್ಡ ದನಿಯಲ್ಲಿ ಓದಿದೆ. ಮುಂದಿನ ಸಾಲಿಗೆ ಕಣ್ಣು ಹೋಯಿತು. ‘ಸೋಡಾ ಬೇಡ, ತಿಕ್ಕಬಾರದು.’ ನಿಲ್ಲಿಸಿಬಿಟ್ಟೆ. ನನ್ನ ಬಗ್ಗೆ ಅಪ್ಪ ಆಡಿದ್ದ ಒಳ್ಳೆಯ ಮಾತು ಒಂದೇ, ಅದು ಆ ತಿಕ್ಕುವುದರ ಮೇಲೆ ನಿಂತಿತ್ತು. ನೀನು ಹುಕ್ಕೇರಿಯಿಂದ ಕೈ ಚಾಚಿ ಅದನ್ನೂ ತೆಗೆದುಕೊಳ್ಳುತ್ತಿದ್ದೀ ಎಂದು ಅನಿಸಿತು. ಮಡಿ ಬೇಕಿಲ್ಲ ಎಂದ ಮೇಲೆ ಮಡಿ ಮಾಡುವ ಕೈ ಏತಕ್ಕೆ?

“ಇಷ್ಟ ಏನೋ? ಪಾಕೀಟ ದಪ್ಪ ಐತಲ್ಲ?” ಎಂದು ಅಪ್ಪ ಕೇಳಿದ.

“ಇಷ್ಟ. ಉಳಿದದ್ದು ಅತ್ತಿಗಿ ಸುದ್ದಿ” ಎಂದೆ.

ಕೂಲಿ ಕೆಲಸದಲ್ಲಿ, ಶಾಲೆಯಲ್ಲಿ ಎಷ್ಟೋ ಸಲ ಖರೆ ಹೇಳಿ ಪೆಟ್ಟು ತಿಂದಿದ್ದೇನೆ. ಸುಳ್ಳು ಹೇಳಿದ್ದು ಆವತ್ತೊಂದೇ. ಪೆಟ್ಟು ಬೇರೆಯವನ ಮೈಗೆ ಬಿತ್ತು.

ಪತ್ರವನ್ನೂ ಡಬ್ಬಿಯನ್ನೂ ಜೋಳದ ಗುಡಾಣದ ಹಿಂದೆ ಇಟ್ಟೆ. ಮೊದಲಿಗಿಂತ ಹೆಚ್ಚು ತಿಕ್ಕಿದೆ. ಶ್ರಾವಣ ಹಿಡಿಯಿತು, ಬಿಸಿಲೇ ಇಲ್ಲ. ಬಾವಿಯ ದಾರಿ ಕೆಸರು, ಒಂದೇ ನೀರಿನಲ್ಲಿ ಜಾಲಿಸಿ ಅರಿವೆಗಳನ್ನು ಒಲೆಯ ಮೇಲೆ ಹರವುತ್ತಿದ್ದೆ. ಅವು ಹಪ್ಪಳದಂತೆ ಬಿರುಸಾಗುತ್ತಿದ್ದವು. ಅದನ್ನೇ ಹಾಸಿದೆ. ಹೋದ ಭಾನುವಾರ ತೊಯ್ದ ಅರಿವೆ ತೆಗೆಯುವಾಗ ಅದು ಮೈಗೆ ಅಂಟಿತ್ತು. ಎಳೆದೆ. ಅರಿವೆಯ ಜೊತೆ ಚರ್ಮ ಬಂತು. ಅದು ಸತ್ತ ಮಗ್ಗಲು, ಅಪ್ಪನಿಗೆ ನೋವೇ ಆಗಲಿಲ್ಲ. ನಾನು ಸುಮ್ಮನೆ ನಿಂತದ್ದು ಕಂಡು, “ಯಾಕ ನಿಂತಿ? ತಿಕ್ಕಲೇ” ಎಂದ.

ನಾನು ಗುಡಾಣದ ಹಿಂದಿನಿಂದ ನಿನ್ನ ಪತ್ರ ತಂದು ಅವನ ಮುಂದೆ ನೆಲದ ಮೇಲೆ ಕೂತು ಮೊದಲಿನಿಂದ ಕೊನೆಯವರೆಗೆ ಓದಿದೆ. ಒಂದು ತಿಂಗಳು ಯಾಕೆ ಓದಲಿಲ್ಲ ಎಂಬುದನ್ನೂ ಹೇಳಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ ಕೇಳಿದ. ಅವ್ವನ ಮಾತು ಬಂದಲ್ಲಿ, “ಅದನ್ನ ಇನ್ನೊಮ್ಮಿ ಓದು” ಎಂದ. ಓದಿದೆ.

“ಖರೇನ ಬರದಾನ” ಎಂದ. ಆಮೇಲೆ, “ನನ್ನ ಮೈನ ಕಣಾ ಮಾಡಿ ಇಬ್ಬರೂ ಕುಸ್ತಿ ಆಡಿದ್ರಿ ಮಕ್ಕಳ್ರಾ. ಯಾರ ಗೆದ್ದ್ರಿ?” ಎಂದು ಕೇಳಿದ.

ಮುಲಾಮು ಸುತ್ತಲೂ ಸವರಿದ್ದೇನೆ. ಗಾಯಕ್ಕೆ ಏನು ಹಚ್ಚಬೇಕೆಂದು ತಿಳಿಯದೆ ಏನೂ ಹಚ್ಚಿಲ್ಲ. ಎಡ ಮಗ್ಗಲಿಗೆ ಮಲಗಿಸಿದ್ದೇನೆ.

ಮುರಿಗೆಪ್ಪ


ಹುಕ್ಕೇರಿ
ತಾ. ೧ ಸೆಪ್ಟೆಂಬರ್ ೧೯೩೮

ಮುರಿಗೆಪ್ಪ,

ರಜೆ ಸಿಕ್ಕಿದೆ. ಮಂಗಳವಾರ ಅಲ್ಲಿರುತ್ತೇನೆ. ದುರ್ಗಪ್ಪನಿಗೆ ಚಕ್ಕಡಿ ಹೂಡಿ ಹುಲ್ಲು ದಪ್ಪಗೆ ಹಾಸಲು ಹೇಳು. ಅಪ್ಪನನ್ನು ಕರೆದುಕೊಂಡು ಬರುತ್ತೇನೆ. ನೀನು ಜೊತೆಗೆ ಬರುವುದು ಬೇಡ.

ವೀರಪ್ಪ


ಕುಲಗೋಡ
ತಾ. ೨೦ ಸೆಪ್ಟೆಂಬರ್ ೧೯೩೮

ಅಣ್ಣಾ,

ಅಪ್ಪನನ್ನು ಕರೆದೊಯ್ದ ದಿನ ನೀನು ನನ್ನೊಡನೆ ಮಾತಾಡಲಿಲ್ಲ, ಸರಿ. ಆದರೆ ಗಾಯ ನೋಡಿ ನೀನು ಹಿತ್ತಲಿಗೆ ಹೋಗಿ ಬಾಳೆಯ ಗಿಡ ಹಿಡಿದು ನಿಂತದ್ದನ್ನು ನಾನು ನೋಡಿದೆ. ಬೈದಿದ್ದರೆ ಹಗುರಾಗುತ್ತಿತ್ತು.

ಮನೆಯಲ್ಲಿ ಈಗ ನಾನೊಬ್ಬ. ಹೊಲಕ್ಕೆ ಹೋಗುತ್ತೇನೆ, ಬರುತ್ತೇನೆ. ಅಪ್ಪ ತೊಯ್ಯುತ್ತಿದ್ದ ಹೊತ್ತಿಗೆ ಕಾಲುಗಳು ತಾವಾಗಿ ಅವನು ಮಲಗುತ್ತಿದ್ದ ಹೊರಸಿನ ಕಡೆ ನಡೆಯುತ್ತವೆ. ಒಂದು ಕಡೆ ಕೂರಲಾರದವನು ಎಂದು ಎಲ್ಲರೂ ಅಂದದ್ದು ನನಗೇ. ಐದು ತಿಂಗಳು ಆ ಹೊರಸಿನ ಪಕ್ಕ ಕೂತೆ, ಏಳಬೇಕು ಎನಿಸಲಿಲ್ಲ. ಶೆಟ್ಟೆವ್ವ ನಿನ್ನೆ ಬಂದು, “ಇನ್ನ ಬಿಡುಗಡಿ ಆತಲ್ಲೋ, ಎಲ್ಲಿಗೆ ಓಡತಿ ಈ ಸಲ?” ಎಂದಳು. ಎಲ್ಲಿಗೂ ಇಲ್ಲ ಎಂದರೆ ನಂಬಲಿಲ್ಲ.

ಅಪ್ಪ ಹೇಗಿದ್ದಾನೆ ಎಂದು ಕೇಳಬೇಕು. ಅದಕ್ಕೂ ಮೊದಲು ನನ್ನ ಮನಸ್ಸಿನಲ್ಲಿ ಬರುವುದು ಬೇರೆ. ಈಗ ಯಾರು ತೊಳೆಯುತ್ತಾರೆ? ನೀನೇ? ಭರಮವ್ವನೇ? ಪೂಜೆಗೆ ಬಲಗೈ ಯಾರದು? ಯಾರನ್ನು ಹೆಸರು ಹಿಡಿದು ಕರೆದು ಗೋಡೆಯ ಕಡೆ ಮುಖ ಮಾಡುತ್ತಾನೆ? ಗಾಯ ಮಾಡಿದವನು ನಾನು, ಇದನ್ನು ಕೇಳುವ ಹಕ್ಕು ನನಗಿಲ್ಲ. ಗೊತ್ತಿದ್ದೇ ಕೇಳುತ್ತಿದ್ದೇನೆ. ಗಾಯ ಮಾಯಲಿ ಎಂದು ಬೇಡಿಕೊಳ್ಳುತ್ತೇನೆ. ಬೇಡಿಕೊಂಡ ಬೆನ್ನಿಗೆ, ನಿಮ್ಮ ಕೈಯಲ್ಲಿ ಅಷ್ಟು ಬೇಗ ಮಾಯುವುದು ಬೇಡ ಎಂದೂ ಅನಿಸುತ್ತದೆ. ಇಂಥದ್ದನ್ನು ಯಾರೂ ಬರೆಯುವುದಿಲ್ಲ. ಒಮ್ಮೆ ಮುಚ್ಚಿಟ್ಟು ಏನಾಯಿತು ಎಂದು ನೋಡಿದೆನಲ್ಲ, ಅದಕ್ಕೆ ಬರೆದೆ.

ಮುರಿಗೆಪ್ಪ


ಹುಕ್ಕೇರಿ
ತಾ. ೨೫ ಅಕ್ಟೋಬರ್ ೧೯೩೮

ಪ್ರಿಯ ಮುರಿಗೆಪ್ಪ,

ಒಂದು ತಿಂಗಳು ಉತ್ತರ ಕೊಡಲಿಲ್ಲ. ಸಿಟ್ಟು ಅರ್ಧ ಕಾರಣ. ಇನ್ನರ್ಧ ಹೇಳುವುದು ಕಷ್ಟ.

ಗಾಯ ತುಂಬುತ್ತಿದೆ. ಅಂಚಿನಿಂದ ಹೊಸ ಚರ್ಮ ಗುಲಾಬಿ ಬಣ್ಣಕ್ಕೆ ಬರುತ್ತಿದೆ. ಈಗ ಒಂದು ದುಡ್ಡಿನ ಅಗಲ ಉಳಿದಿದೆ. ಭರಮವ್ವ ಬೆಳಿಗ್ಗೆ ದವಾಖಾನೆಯ ಕೆಲಸಕ್ಕೆ ಮುಂಚೆ, ಸಂಜೆ ಕೆಲಸ ಮುಗಿದ ಮೇಲೆ ಬರುತ್ತಾಳೆ. ನಡುವೆ ಚನ್ನವ್ವ ನೋಡಿಕೊಳ್ಳುತ್ತಾಳೆ. ನಾನಲ್ಲ.

ಚಕ್ಕಡಿಯಲ್ಲಿ ಬರುವಾಗ ಘೋಡಗೇರಿಯ ಹತ್ತಿರ ಅಪ್ಪ ತೊಯ್ದ. ಹೊಳೆಯ ದಂಡೆಯ ಗಿಡದ ನೆರಳಿಗೆ ಚಕ್ಕಡಿ ನಿಲ್ಲಿಸಿದೆ. ದಿನಕ್ಕೆ ಎಷ್ಟೋ ಜನರ ಹುಣ್ಣು ತೊಳೆದು ಪಟ್ಟಿ ಕಟ್ಟುವವನು ನಾನು, ಅಪ್ಪನ ಧೋತರದ ಗಂಟಿಗೆ ಕೈ ಹಾಕಲು ಹಿಂಜರಿದೆ. ಅವನು ಎಡಗೈಯಿಂದ ಗಂಟು ಬಿಗಿ ಹಿಡಿದು, “ನೀ ಬ್ಯಾಡೋ. ನೀ ಡಾಕ್ಟರ್ ಅದಿ. ಅಂವನ್ನ ಕರಿ” ಎಂದ. “ಯಾರನ್ನ, ದುರ್ಗಪ್ಪನ್ನ?” ಎಂದೆ. “ಮುರಿಗ್ಯಾನ್ನ” ಎಂದ. ನೀನು ಅಷ್ಟರಲ್ಲಿ ಏಳು ಹರದಾರಿ ಹಿಂದೆ ಇದ್ದೆ. ಕೊನೆಗೆ ದುರ್ಗಪ್ಪನೇ ಅರಿವೆ ಬದಲಿಸಿದ. ನಾನು ಎತ್ತುಗಳ ಹಗ್ಗ ಹಿಡಿದು ನಿಂತಿದ್ದೆ.

ಅಪ್ಪ ನನ್ನ ಬಗ್ಗೆ ಊರಿಗೆಲ್ಲ ಹೇಳುವ ಮಾತುಗಳಿಗೆ ನಿನಗೆ ಹೊಟ್ಟೆಕಿಚ್ಚು. ಅವನ ಮೈ ಯಾರ ಕೈಗೆ ಬಿಡುತ್ತಾನೆ ಎಂಬುದಕ್ಕೆ ನನಗೆ. ನಿನ್ನ ಮೊದಲ ಪತ್ರದಲ್ಲಿ ‘ಅವನ ಎಡಗೈ, ನನ್ನ ಬಲಗೈ’ ಎಂದು ಬರೆದಿದ್ದೆ. ಅದನ್ನು ಓದಿದ ದಿನವೇ ಸ್ಪಿರಿಟ್ ಕಳಿಸಿದೆ. ಭರಮವ್ವನನ್ನು ಒಂದು ಮಾತು ಕೇಳಲಿಲ್ಲ. ಪುಸ್ತಕ ಓದಿದವನು ನಾನು ಎಂದು ತೋರಿಸುವ ಅವಸರವಿತ್ತು. ಅಪ್ಪನ ಮೈಮೇಲೆ ಮೊದಲ ಉರಿ ಇಟ್ಟವನು ನಾನು, ನೀನಲ್ಲ. ಇದು ಆ ಇನ್ನರ್ಧ.

ಇಲ್ಲಿ ಪೂಜೆಗೆ ಬಲಗೈ ಆಗಲು ನನ್ನನ್ನು ಬಿಡುವುದಿಲ್ಲ. ವಿಭೂತಿಯನ್ನು ಚನ್ನವ್ವ ಏರಿಸುತ್ತಾಳೆ. ತಿಕ್ಕು ಎಂಬ ಮಾತನ್ನು ಮಾತ್ರ ಅಪ್ಪ ಪೂರ್ತಿ ಬಿಟ್ಟಿದ್ದಾನೆ.

ಬಂದು ನೋಡಿ ಹೋಗು.

ನಿನ್ನ
ವೀರಪ್ಪ


ಕುಲಗೋಡ
ತಾ. ೧೬ ನವೆಂಬರ್ ೧೯೩೮

ಅಣ್ಣಾ,

ಮೊನ್ನೆ ಸೋಮವಾರ, ಎತ್ತುಗಳ ಬಿಡುವಿನ ವಾರ, ಹೂಡುವಂತಿರಲಿಲ್ಲ. ಹುಕ್ಕೇರಿಗೆ ಬಂದಿದ್ದೆ. ಸಂಜೆಯಾದರೂ ನೀನು ಇನ್ನೂ ದವಾಖಾನೆಯಲ್ಲಿದ್ದೆ. ನೀನು ಬರುವತನಕ ಕಾಯಲಿಲ್ಲ ಎಂದು ಅತ್ತಿಗೆ ಹೇಳಿರುತ್ತಾಳೆ. ಯಾಕೆ ಎಂದು ಹೇಳಿರಲಿಕ್ಕಿಲ್ಲ, ಅವಳಿಗೆ ಗೊತ್ತಿಲ್ಲ.

ನಾನು ಬಾಗಿಲಲ್ಲಿ ನಿಂತಾಗ ಭರಮವ್ವ ಅಪ್ಪನನ್ನು ತೊಳೆದು ಮುಗಿಸಿ ಅರಿವೆ ಮಡಚುತ್ತಿದ್ದಳು. ಅಪ್ಪ ಏನೋ ಹೇಳಿ ನಗುತ್ತಿದ್ದ. ನನ್ನ ಹತ್ತಿರ ಐದು ತಿಂಗಳಲ್ಲಿ ಆ ಹೊತ್ತಿನಲ್ಲಿ ಒಮ್ಮೆಯೂ ನಕ್ಕಿರಲಿಲ್ಲ. ಭರಮವ್ವ ನನ್ನನ್ನು ನೋಡಿ, “ಸಣ್ಣ ಮಗಾ ಏನ್ರಿ? ಬಾರಪಾ, ನಿಮ್ಮಪ್ಪನ ಬಾಯಾಗ ದಿನಾ ನಿಂದ ಹೆಸರ. ನಾ ಅರಿವಿ ಮುಟ್ಟಿದ ಕೂಡ್ಲೆ ಮುರಿಗ್ಯಾ ಅಂತಾನ, ಎಂಟ ಮಕ್ಕಳನ ಹಡದಾಕಿ ನಾ, ಮುರಿಗ್ಯಾ ಆಗಬೇಕಾಗೇತಿ” ಎಂದು ಬುಟ್ಟಿ ಎತ್ತಿಕೊಂಡು ಬಾವಿಗೆ ಹೋದಳು. ಅತ್ತಿಗೆ ಅಡುಗೆಮನೆಯಲ್ಲಿದ್ದಳು.

ನಾನು ಅಪ್ಪನ ಹತ್ತಿರ ಕೂತು, ಹೇಗಿದ್ದೀ ಎಂದು ಕೇಳಲಿಲ್ಲ. ಹೊದಿಕೆ ತೆಗೆದೆ. ಸೊಂಟ ನೋಡಿದೆ. ಗಾಯದ ಜಾಗದಲ್ಲಿ ಹೊಸ ಚರ್ಮ, ಮಗುವಿನ ಕೆನ್ನೆಯ ಹಾಗೆ. ತೊಡೆಯ ಸಂದಿ ನೋಡಿದೆ, ಒಣಗಿದೆ, ಮುಲಾಮಿನ ತೆಳು ಪೊರೆ ಇದೆ. ಹಿಮ್ಮಡಿ ಎತ್ತಿ ನೋಡಿದೆ. ಮೊಣಕಾಲುಗಳ ನಡುವೆ ಇಟ್ಟಿದ್ದ ದಿಂಬು ತೆಗೆದು ಅಲ್ಲಿಯೂ ನೋಡಿದೆ. ಒಂದು ಕೆಂಪು ಚುಕ್ಕೆ ಸಿಕ್ಕರೆ ಸಾಕಿತ್ತು, ನೀವೂ ನನ್ನಂತೆಯೇ ಎಂದು ಹೇಳಿ ಎದ್ದು ಹೋಗಬಹುದಿತ್ತು.

ಅಪ್ಪ, “ಏನ್ ಹುಡಕಾಕತ್ತೀಯೋ?” ಎಂದ.

“ಗಾಯ ಹುಡಕಾಕತ್ತೇನಿ” ಎಂದೆ.

“ಸಿಗ್ತೇನು?”

“ಇಲ್ಲ.”

“ಹಂಗಾರ ಹೊಳ್ಳಿಸು. ಈ ಮಗ್ಗಲ ಇನ್ನೂ ನೋಡಿಲ್ಲ ನೀ.”

ಹೊಳ್ಳಿಸಿದೆ. ಎಳೆಯಲಿಲ್ಲ, ಭುಜ ಮತ್ತು ಸೊಂಟದ ಕೆಳಗೆ ಕೈ ಹಾಕಿ ಎತ್ತಿ ಹೊಳ್ಳಿಸಿದೆ. ಆ ಮಗ್ಗಲಲ್ಲಿಯೂ ಏನೂ ಇರಲಿಲ್ಲ. ಅಷ್ಟರಲ್ಲಿ ಅವನು ತೊಯ್ದ. ಗೋಡೆ ಈಗ ಅವನ ಬೆನ್ನಿಗಿತ್ತು, ಮುಖ ನನ್ನ ಕಡೆಗೇ ಇತ್ತು. ತಿರುಗಿಸಲಿಲ್ಲ. ಮೂಲೆಯಲ್ಲಿ ಭರಮವ್ವ ಇಟ್ಟಿದ್ದ ಬೆಚ್ಚಗಿನ ನೀರು, ಸೀರೆಯ ತುಂಡು, ಡಬ್ಬಿ ಇದ್ದವು. ನಾನು ಒತ್ತಿ ಒತ್ತಿ ಒರೆಸಿದೆ. ಬಹಳ ಹೊತ್ತು ಹಿಡಿಯಿತು. ತಿಕ್ಕುವುದು ಎಷ್ಟು ಬೇಗ ಮುಗಿಯುತ್ತಿತ್ತು.

ಮುಗಿಸಿ ಕೈ ತೊಳೆದು, ಅತ್ತಿಗೆಗೆ ಹೇಳಿ ಹೊರಟುಬಿಟ್ಟೆ. ಆ ಹೊತ್ತಿಗೆ ನೀನು ಬಂದು ಬಾಗಿಲಲ್ಲಿ ನಿಲ್ಲುವುದು ನನಗೆ ಬೇಕಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುವುದು ಹೇಗಿರುತ್ತದೆ ಎಂದು ಆಗ ತಾನೇ ತಿಳಿದಿತ್ತು.

ನಿನ್ನ ತಮ್ಮ
ಮುರಿಗೆಪ್ಪ